ಸ್ಕಂದಗಿರಿಯ ತಪ್ಪಲಿನಿಂದ ಸಮುದ್ರದವರೆಗೆ: ನೀರಿಗೆ ಬೇಕು ಚಿಪ್‌ನ ಕಾವಲು

ಚಿಕ್ಕಬಳ್ಳಾಪುರ: ಸುಮಾರು 1,450 ಮೀಟರ್ ಎತ್ತರದ ಸ್ಕಂದಗಿರಿಯ ನೆತ್ತಿಯಲ್ಲಿ ಮುಂಜಾನೆ ನಿಂತವರಿಗೆ ಕಾಣುವುದು ಮೋಡದ ಕಡಲು. ನಿಜವಾದ ಕಡಲು ಇಲ್ಲಿಂದ ಬಹು ದೂರ. ಪೂರ್ವದ ಬಂಗಾಳ ಕೊಲ್ಲಿಗಾಗಲಿ, ಪಶ್ಚಿಮದ ಅರಬ್ಬಿ ಸಮುದ್ರಕ್ಕಾಗಲಿ ಇನ್ನೂರೈವತ್ತು ಕಿಲೊಮೀಟರ್‌ಗೂ ಹೆಚ್ಚಿನ ಅಂತರವಿದೆ. ಆದರೂ ಈ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಕೊನೆಗೆ ಸೇರಬೇಕಾದದ್ದು ಸಮುದ್ರವನ್ನೇ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೂಲಕ ಆಂಧ್ರವನ್ನು ಹೊಕ್ಕು, ಪೆನ್ನಾ ಎಂಬ ಹೆಸರಿನಲ್ಲಿ ನೆಲ್ಲೂರಿನ ಬಳಿ ಕೊಲ್ಲಿಯನ್ನು ಸೇರುತ್ತದೆ. ಇದೇ ಜಿಲ್ಲೆಯ ಪಾಪಾಗ್ನಿ ಮತ್ತು ಚಿತ್ರಾವತಿ ನದಿಗಳೂ ಪೆನ್ನಾವನ್ನೇ ಕೂಡಿಕೊಳ್ಳುತ್ತವೆ. ದಕ್ಷಿಣ ಪಿನಾಕಿನಿಯದು ಬೆಂಗಳೂರಿನ ಪೂರ್ವ ಅಂಚಿನಲ್ಲಿ ಸಾಗಿ ತಮಿಳುನಾಡಿನ ಕಡಲೂರಿನ ಬಳಿ ಸಮುದ್ರ ಸೇರುವ ಹಾದಿ. ಅರ್ಕಾವತಿಯು ಕಾವೇರಿಯ ಮೂಲಕ ಅಲ್ಲಿಗೇ ತಲುಪುತ್ತದೆ.

ಹೀಗಾಗಿ ಸಮುದ್ರದ ಮಾಲಿನ್ಯವೆಂಬುದು ಕರಾವಳಿಯವರ ಚಿಂತೆ ಮಾತ್ರ ಎನ್ನುವಂತಿಲ್ಲ. ಕಡಲಿಗೆ ಸೇರುವ ಕೊಳೆಯ ದೊಡ್ಡ ಪಾಲು ಹುಟ್ಟುವುದು ನೆಲದ ಮೇಲೆ, ಅದನ್ನು ಹೊತ್ತೊಯ್ಯುವುದು ನದಿಗಳು. ಆ ಕೊಳೆಯನ್ನು ಗಂಟೆಗೊಮ್ಮೆ ಅಳೆಯಬಲ್ಲ, ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಪ್ರಯೋಗಾಲಯವೊಂದನ್ನು ವಿಜ್ಞಾನಿಗಳು ಕಳೆದ ಎರಡು ದಶಕಗಳಲ್ಲಿ ಸಮುದ್ರಕ್ಕೆಂದೇ ರೂಪಿಸಿದ್ದಾರೆ. 'ಮೈಕ್ರೋಫ್ಲೂಯಿಡಿಕ್ಸ್' ಅಥವಾ ಸೂಕ್ಷ್ಮದ್ರವ ತಂತ್ರಜ್ಞಾನ ಎಂದು ಕರೆಯಲಾಗುವ ಈ ವಿದ್ಯೆಯ ಅಗತ್ಯ ಕಡಲಿಗೆ ಎಷ್ಟಿದೆಯೋ ಸ್ಕಂದಗಿರಿಯ ತಪ್ಪಲಿನ ಕೆರೆಗಳಿಗೂ ಅಷ್ಟೇ ಇದೆ. ಕಾರಣ ತಿಳಿಯಬೇಕಾದರೆ ಮೊದಲು ಈ ಕೆರೆಗಳಿಗೆ ಬಂದ ನೀರಿನ ಕಥೆಯನ್ನು ನೋಡಬೇಕು.

ಬೆಂಗಳೂರಿನಿಂದ ಬಂದ ನೀರು

ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಿಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಪಿನಾಕಿನಿಗಳು ಹುಟ್ಟುವ ಜಾಗದಲ್ಲೇ ಬತ್ತಿವೆ. ಹಿರಿಯರು ಕಟ್ಟಿಸಿದ ಕೆರೆಗಳ ಸರಪಳಿಯೇ ಈ ನಾಡಿನ ಜೀವನಾಡಿಯಾಗಿತ್ತು. ಕೆರೆಗಳು ಬರಿದಾದಂತೆ ಜನ ಕೊಳವೆಬಾವಿಗಳನ್ನು ನೆಚ್ಚಿಕೊಂಡರು. ನೂರಾರು ಅಡಿಯಲ್ಲಿ ಸಿಗುತ್ತಿದ್ದ ನೀರಿಗಾಗಿ ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಕೊರೆಯುವ ಸ್ಥಿತಿ ಬಂತು. ಆಳಕ್ಕೆ ಹೋದಂತೆ ಗ್ರಾನೈಟ್ ಬಂಡೆಯೊಳಗಿನ ಫ್ಲೋರೈಡ್ ಮತ್ತು ಯುರೇನಿಯಂ ಅಂಶಗಳೂ ನೀರಿನೊಂದಿಗೆ ಮೇಲೆ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಪೂರ್ವ ಕರ್ನಾಟಕದ 73 ಗ್ರಾಮಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 57 ಗ್ರಾಮಗಳಲ್ಲಿ ಯುರೇನಿಯಂ ಪ್ರಮಾಣ ಲೀಟರಿಗೆ 30 ಮೈಕ್ರೊಗ್ರಾಂಗಿಂತ ಅಧಿಕವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಇದೇ 30 ಮೈಕ್ರೊಗ್ರಾಂ.

ಈ ಬರದ ನಾಡಿಗೆ ಸರ್ಕಾರ ಕಂಡುಕೊಂಡ ಪರಿಹಾರ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ನೀರನ್ನು ಮುಖ್ಯವಾಗಿ ಕೋಲಾರಕ್ಕೆ, ಹೆಬ್ಬಾಳ-ನಾಗವಾರ ಕಣಿವೆಯ (ಎಚ್.ಎನ್. ವ್ಯಾಲಿ) ನೀರನ್ನು ಚಿಕ್ಕಬಳ್ಳಾಪುರಕ್ಕೆ ಕೊಳವೆಗಳ ಮೂಲಕ ಸಾಗಿಸಿ ಕೆರೆಗಳನ್ನು ತುಂಬಿಸುವುದು ಯೋಜನೆಯ ತಿರುಳು. ಎಚ್.ಎನ್. ವ್ಯಾಲಿ ಯೋಜನೆಯನ್ನು ದಿನಕ್ಕೆ 210 ದಶಲಕ್ಷ ಲೀಟರ್ ನೀರಿನಿಂದ 65 ಕೆರೆಗಳನ್ನು ತುಂಬಿಸುವಂತೆ ರೂಪಿಸಲಾಯಿತು. ಅವುಗಳಲ್ಲಿ ಹೆಚ್ಚಿನವು ಚಿಕ್ಕಬಳ್ಳಾಪುರ ಜಿಲ್ಲೆಯವು. ಪಟ್ಟಣಕ್ಕೆ ಹೊಂದಿಕೊಂಡ ಕಂದವಾರ ಕೆರೆಗೂ ಈ ನೀರು ಬಂದಿದೆ.

ನೀರು ಬಂದಾಗ ಸಂಭ್ರಮವೂ ಇತ್ತು, ಸಂಶಯವೂ ಇತ್ತು. ಒಣಗಿದ್ದ ಕೊಳವೆಬಾವಿಗಳಲ್ಲಿ ನೀರು ಏರಿದ್ದನ್ನು ಕಂಡ ರೈತರು ಹರ್ಷಪಟ್ಟರು. ಇನ್ನೊಂದೆಡೆ, ಈ ನೀರನ್ನು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಲಾಗುತ್ತಿದೆ, ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಪಟ್ಟು ಹಿಡಿಯಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ ನೀರು ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತ್ತು. ಮರುತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು, ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ನೀರು ಹರಿಸುವುದಕ್ಕೆ ತಡೆಯಾಜ್ಞೆ ಬಂತು, ಬಳಿಕ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ನೀಡಿ, ಏಪ್ರಿಲ್‌ನಲ್ಲಿ ಅದನ್ನು ತೆರವುಗೊಳಿಸಿತು.

ಎರಡನೇ ಹಂತ, ಮೂರನೇ ಹಂತ ಎಂದರೇನು? ಮೊದಲ ಹಂತದಲ್ಲಿ ಕಸ, ಮರಳು ಮತ್ತು ತಳಕ್ಕೆ ಕೂರುವ ಘನವಸ್ತುಗಳನ್ನು ಬೇರ್ಪಡಿಸಲಾಗುತ್ತದೆ. ಎರಡನೆಯದರಲ್ಲಿ ಗಾಳಿಯೂಡಿ ಬೆಳೆಸಿದ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಜೈವಿಕ ಕೊಳೆಯನ್ನು ತಿಂದುಹಾಕುತ್ತವೆ. ನೀರು ತಿಳಿಯಾಗುತ್ತದೆ, ದುರ್ವಾಸನೆ ತಗ್ಗುತ್ತದೆ. ಆದರೆ ಮಲಮೂತ್ರದಿಂದ ಬಂದ ಸಾರಜನಕ, ಸಾಬೂನು ಪುಡಿಯಿಂದಲೂ ಬಂದ ರಂಜಕ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಅವನ್ನು ಮತ್ತು ಉಳಿದ ರೋಗಾಣುಗಳನ್ನು ತೆಗೆಯುವುದೇ ಮೂರನೇ ಹಂತದ ಕೆಲಸ. ಉಳಿದ ಸಾರಜನಕ ಮತ್ತು ರಂಜಕ ಕೆರೆಗೆ ಗೊಬ್ಬರವಾಗಿ ಪಾಚಿಯನ್ನೂ ಜೊಂಡನ್ನೂ ಬೆಳೆಸುತ್ತವೆ. ನೈಟ್ರೇಟ್ ರೂಪದ ಸಾರಜನಕ ಮಣ್ಣಿನಲ್ಲಿ ಸುಲಭವಾಗಿ ಇಳಿದು ಕೊಳವೆಬಾವಿಯನ್ನೂ ಸೇರಬಲ್ಲದು. ಭಾರತೀಯ ಮಾನಕ ಬ್ಯೂರೊ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಎಳೆಯ ಶಿಶುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ.

ಇದು ಚಿಕ್ಕಬಳ್ಳಾಪುರದವರ ಸಂಗತಿ ಮಾತ್ರವಲ್ಲ. ಬೆಂಗಳೂರಿನ ಮಾರುಕಟ್ಟೆಗೆ ಬರುವ ತರಕಾರಿ, ದ್ರಾಕ್ಷಿ, ಹೂವುಗಳ ಗಣನೀಯ ಪಾಲು ಬೆಳೆಯುವುದು ಈ ಭಾಗದಲ್ಲೇ. ನಗರದ ಮನೆಗಳ ಬಚ್ಚಲಿನಿಂದ ಹೋದ ನೀರು ಕೆರೆ, ಬಾವಿ, ತೋಟಗಳನ್ನು ಸುತ್ತಿ ಅದೇ ಮನೆಗಳ ಊಟದ ತಟ್ಟೆಗೆ ಮರಳುವ ವೃತ್ತವಿದು.

ಸಾಕ್ಷಿ ಎಲ್ಲಿ?

ನೀರು ಸುರಕ್ಷಿತವೇ, ಅಲ್ಲವೇ ಎಂಬ ವಾದದಲ್ಲಿ ಎರಡೂ ಕಡೆಯವರು ಮುಂದಿಡುವುದು ಪ್ರಯೋಗಾಲಯದ ವರದಿಗಳನ್ನು. ಈ ವರದಿಗಳು ಸುಳ್ಳು ಎನ್ನಬೇಕಿಲ್ಲ. ಆದರೆ ಅವು ಹೇಳುವುದು ಒಂದು ದಿನದ, ಒಂದು ಗಳಿಗೆಯ ಸತ್ಯವನ್ನು ಮಾತ್ರ.

ರೂಢಿಯ ಕ್ರಮ ಇದು: ಸಿಬ್ಬಂದಿ ಕೆರೆಗೆ ಹೋಗಿ ಬಾಟಲಿಯಲ್ಲಿ ನೀರು ತುಂಬುತ್ತಾರೆ, ತಂಪು ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಸಾಗಿಸುತ್ತಾರೆ, ಕೆಲವು ದಿನಗಳ ನಂತರ ಫಲಿತಾಂಶ ಬರುತ್ತದೆ. ತಿಂಗಳಿಗೊಮ್ಮೆ ಮಾದರಿ ತೆಗೆದರೆ ವರ್ಷಕ್ಕೆ ಸಿಗುವುದು ಹನ್ನೆರಡು ಅಂಕಿಗಳು. ಆದರೆ ವರ್ಷದಲ್ಲಿ 8,760 ಗಂಟೆಗಳಿವೆ. ಸಂಸ್ಕರಣಾ ಘಟಕದಲ್ಲಿ ಒಂದು ರಾತ್ರಿ ವಿದ್ಯುತ್ ಕೈಕೊಟ್ಟರೆ, ಜೋರು ಮಳೆಯಲ್ಲಿ ಚರಂಡಿ ಉಕ್ಕಿ ಹರಿದರೆ, ಕಾರ್ಖಾನೆಯೊಂದು ಕತ್ತಲಲ್ಲಿ ತ್ಯಾಜ್ಯ ಬಿಟ್ಟರೆ ಆ ಕೊಳೆ ಕೆಲವೇ ಗಂಟೆಗಳಲ್ಲಿ ಹಾದುಹೋಗಿಬಿಡುತ್ತದೆ. ಮುಂದಿನ ವಾರ ತುಂಬಿದ ಬಾಟಲಿಯಲ್ಲಿ ಅದರ ಸುಳಿವೂ ಇರುವುದಿಲ್ಲ.

ಕೆರೆಯ ನೀರು ದಿನದೊಳಗೇ ಬದಲಾಗುತ್ತದೆ ಎಂಬುದೂ ಗಮನಾರ್ಹ. ಪಾಚಿ ಹಗಲಿನಲ್ಲಿ ಬಿಸಿಲು ಹೀರಿ ನೀರಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಪೋಷಕಾಂಶ ಹೆಚ್ಚಾದ ಕೆರೆಗಳಲ್ಲಿ ನಸುಕಿನ ಹೊತ್ತಿಗೆ ಆಮ್ಲಜನಕ ಪಾತಾಳಕ್ಕಿಳಿದು ಮೀನುಗಳು ಸಾಯುವುದುಂಟು. ಕಚೇರಿ ವೇಳೆಯಲ್ಲಿ, ಬಿಸಿಲೇರಿದ ಮೇಲೆ ತೆಗೆದ ಮಾದರಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಸಮುದ್ರ ವಿಜ್ಞಾನಿಗಳೂ ಎದುರಿಸಿದ್ದು ಇದೇ ಸಮಸ್ಯೆಯನ್ನು, ಆದರೆ ಇನ್ನೂ ದೊಡ್ಡ ಪ್ರಮಾಣದಲ್ಲಿ. ಭಾರತದ ಕರಾವಳಿಯಲ್ಲಿ ಸಮುದ್ರದ ನೀರಿನ ಗುಣಮಟ್ಟವನ್ನು ಗಮನಿಸುವ ಕಾರ್ಯಕ್ರಮ 1990ರ ದಶಕದ ಆರಂಭದಿಂದಲೂ ಇದೆ. ದೋಣಿಯಲ್ಲಿ ತೆರಳಿ ನಿಗದಿತ ಜಾಗಗಳಲ್ಲಿ ಮಾದರಿ ಸಂಗ್ರಹಿಸಿ ದಡಕ್ಕೆ ತರುವುದು ಅದರ ಮುಖ್ಯ ವಿಧಾನ. ಹಡಗು ಹೊರಡಿಸುವ ಖರ್ಚು ದೊಡ್ಡದು. ಮಳೆಗಾಲದ ಅಬ್ಬರದಲ್ಲಿ, ಅಂದರೆ ನದಿಗಳು ಅತಿ ಹೆಚ್ಚು ಕೊಳೆಯನ್ನು ಹೊತ್ತು ತರುವ ದಿನಗಳಲ್ಲೇ, ಸಮುದ್ರಕ್ಕಿಳಿಯುವುದು ಕಷ್ಟ. ಮನುಷ್ಯನ ನೆರವಿಲ್ಲದೆ ತಿಂಗಳುಗಟ್ಟಲೆ ನೀರಿನಲ್ಲೇ ಇದ್ದು ಪರೀಕ್ಷೆ ಮಾಡುವ ಉಪಕರಣ ಬೇಕೆಂಬ ಹುಡುಕಾಟ ಶುರುವಾದದ್ದು ಹೀಗೆ.

ಕೂದಲೆಳೆಯಷ್ಟು ಕಾಲುವೆ

ಮೈಕ್ರೋಫ್ಲೂಯಿಡಿಕ್ ಚಿಪ್ ಎಂದರೆ ಗಾಜು, ಪ್ಲಾಸ್ಟಿಕ್ ಅಥವಾ ಸಿಲಿಕಾನ್ ಬಿಲ್ಲೆಯೊಂದರಲ್ಲಿ ಕೊರೆದ ಅತಿ ಸಣ್ಣ ಕಾಲುವೆಗಳ ಜಾಲ. ಕಾಲುವೆಯ ಅಗಲ ಸಾಮಾನ್ಯವಾಗಿ ಕೆಲವು ಹತ್ತು ಮೈಕ್ರಾನ್‌ನಿಂದ ಕೆಲವು ನೂರು ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಅಂದಾಜು ಸಿಗಬಹುದು. ನೂರು ಮೈಕ್ರಾನ್ ಅಗಲ, ಅಷ್ಟೇ ಆಳವಿರುವ ಕಾಲುವೆಯನ್ನು ಒಂದು ಮೀಟರ್ ಉದ್ದಕ್ಕೆ ಸುತ್ತಿಸಿದರೂ ಅದರಲ್ಲಿ ಹಿಡಿಯುವ ನೀರು 10 ಮೈಕ್ರೊಲೀಟರ್. ನಲ್ಲಿಯಿಂದ ತೊಟ್ಟಿಕ್ಕುವ ಒಂದು ಹನಿಯಲ್ಲಿ ಅದರ ಐದು ಪಟ್ಟು ನೀರಿರುತ್ತದೆ.

ಈ ವಿದ್ಯೆ ಹೊಸದೇನಲ್ಲ. 1979ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆ ಅನಿಲಗಳನ್ನು ಬೇರ್ಪಡಿಸಿ ಗುರುತಿಸುವ ಉಪಕರಣವನ್ನು ರೂಪಿಸಲಾಗಿತ್ತು. ಇಡೀ ರಾಸಾಯನಿಕ ಪರೀಕ್ಷೆಯನ್ನೇ ಒಂದು ಚಿಪ್‌ಗೆ ಇಳಿಸಬಹುದು ಎಂಬ ಕಲ್ಪನೆಯನ್ನು 1990ರಲ್ಲಿ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು ಮುಂದಿಟ್ಟರು. ನಂತರ ವೈದ್ಯಕೀಯ ಕ್ಷೇತ್ರ ಇದನ್ನು ಬಾಚಿಕೊಂಡಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ತಂಡ 2007ರಲ್ಲಿ ಕಾಗದದ ಮೇಲೆಯೇ ಕಾಲುವೆಗಳನ್ನು ರೂಪಿಸಿ, ಪಂಪಿನ ಹಂಗಿಲ್ಲದೆ ಹನಿಯನ್ನು ಹರಿಸುವ ದಾರಿ ತೋರಿತು.

ಸಣ್ಣದಾದಷ್ಟೂ ಲಾಭವೇನು? ಮೊದಲನೆಯದು ವೇಗ. ಅಗಲವಾದ ಪಾತ್ರೆಯಲ್ಲಿ ಎರಡು ದ್ರವಗಳನ್ನು ಬೆರೆಸಲು ಕಲಕಬೇಕು. ಕಲಕದೆ ಬಿಟ್ಟರೆ ಕರಗಿದ ಅಣುವೊಂದು ತಾನಾಗಿ ಒಂದು ಸೆಂಟಿಮೀಟರ್ ದೂರ ಹರಡಿಕೊಳ್ಳಲು ಸುಮಾರು 14 ಗಂಟೆ ಬೇಕಾಗಬಹುದು. ಅದೇ ಅಣು ನೂರು ಮೈಕ್ರಾನ್ ದೂರವನ್ನು ದಾಟಲು ಸುಮಾರು ಐದು ಸೆಕೆಂಡ್ ಸಾಕು. ಅಂದರೆ ಇಕ್ಕಟ್ಟಾದ ಕಾಲುವೆಯಲ್ಲಿ ಕಲಕುವ ಚಮಚವೇ ಬೇಡ. ಎರಡನೆಯದು ಉಳಿತಾಯ. ಒಂದು ಪರೀಕ್ಷೆಗೆ ಮೂರನೇ ಒಂದು ಮಿಲಿಲೀಟರ್ ರಾಸಾಯನಿಕ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ ಒಂದು ಲೀಟರಿನಲ್ಲಿ ಮೂರು ಸಾವಿರ ಪರೀಕ್ಷೆಗಳಾಗುತ್ತವೆ. ಗಂಟೆಗೊಂದರಂತೆ ಅಳೆದರೂ ನಾಲ್ಕು ತಿಂಗಳಿಗೆ ಅದು ಸಾಕು. ಪರೀಕ್ಷೆಯ ನಂತರದ ರಾಸಾಯನಿಕ ತ್ಯಾಜ್ಯವೂ ಅಷ್ಟೇ ಕಡಿಮೆ. ಅದನ್ನು ನೀರಿಗೆ ಬಿಡದೆ ಚೀಲದಲ್ಲಿ ಸಂಗ್ರಹಿಸಿ ಮರಳಿ ತರಬಹುದು.

ನೀರಿನೊಳಗೆ ನಡೆಯುವ ಪರೀಕ್ಷೆ

ಚಿಪ್ ಕೆಲಸ ಮಾಡುವ ಬಗೆಯನ್ನು ನೈಟ್ರೇಟ್ ಉದಾಹರಣೆಯಿಂದ ತಿಳಿಯಬಹುದು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಡೆಯುವ ಪರೀಕ್ಷೆಯೇ ಇಲ್ಲಿಯೂ ನಡೆಯುತ್ತದೆ.

ಮೊದಲು ಪುಟ್ಟ ಪಂಪು ಶೋಧಕದ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮಣ್ಣು, ಪಾಚಿ ಹೊರಗೇ ಉಳಿಯುತ್ತವೆ. ನೀರು ತಾಮ್ರ ಲೇಪಿತ ಕ್ಯಾಡ್ಮಿಯಂ ಇರುವ ಕೊಳವೆಯನ್ನು ಹಾದಾಗ ಅದರಲ್ಲಿರುವ ನೈಟ್ರೇಟ್ ನೈಟ್ರೈಟ್ ಆಗಿ ಮಾರ್ಪಡುತ್ತದೆ. ಮುಂದಿನ ತಿರುವಿನಲ್ಲಿ ಗ್ರೀಸ್ ಕಾರಕ ಎಂಬ ರಾಸಾಯನಿಕ ಬಂದು ಸೇರುತ್ತದೆ. ನೈಟ್ರೈಟ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿದ್ದಷ್ಟೂ ಬಣ್ಣ ಗಾಢ. ಕಾಲುವೆಯ ಒಂದು ತುದಿಯಲ್ಲಿ ಹಸಿರು ಎಲ್‌ಇಡಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಅಳೆಯುವ ಸಂವೇದಕ ಇರುತ್ತದೆ. ಗುಲಾಬಿ ದ್ರವ ಹಸಿರು ಬೆಳಕನ್ನು ಹೀರುವುದರಿಂದ, ಎಷ್ಟು ಬೆಳಕು ಕಡಿಮೆಯಾಯಿತೆಂದು ನೋಡಿ ಎಷ್ಟು ನೈಟ್ರೇಟ್ ಇತ್ತೆಂದು ಲೆಕ್ಕ ಹಾಕಲಾಗುತ್ತದೆ. ಅಂಕಿಯನ್ನು ದಾಖಲಿಸಿಕೊಂಡು, ಕಾಲುವೆಯನ್ನು ತೊಳೆದು, ಉಪಕರಣ ಮುಂದಿನ ಸುತ್ತಿಗೆ ಅಣಿಯಾಗುತ್ತದೆ.

ಈ ಉಪಕರಣದ ಇನ್ನೊಂದು ಹೆಗ್ಗಳಿಕೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು. ನೈಟ್ರೇಟ್ ಇಷ್ಟೇ ಇದೆ ಎಂದು ಮೊದಲೇ ಗೊತ್ತಿರುವ ದ್ರಾವಣದ ಚೀಲವೊಂದು ಅದರೊಳಗೇ ಇರುತ್ತದೆ. ಆಗಾಗ ಅದನ್ನು ಅಳೆದು ನೋಡಿ, ಉತ್ತರ ತಪ್ಪಿದರೆ ಲೆಕ್ಕವನ್ನು ಸರಿಪಡಿಸಿಕೊಳ್ಳಬಹುದು. ಅಂಗಡಿಯವನು ತಕ್ಕಡಿಯನ್ನು ಮುದ್ರೆಯೊತ್ತಿದ ಬೊಟ್ಟಿನಿಂದ ಪರೀಕ್ಷಿಸಿಕೊಂಡಂತೆ ಇದು.

ಕಾರಕ ಬದಲಾದರೆ ಪರೀಕ್ಷೆಯೂ ಬದಲಾಗುತ್ತದೆ. ಮಾಲಿಬ್ಡೇಟ್ ಸೇರಿಸಿದರೆ ಫಾಸ್ಫೇಟ್ ಇರುವ ನೀರು ನೀಲಿಯಾಗುತ್ತದೆ. ಜಿರ್ಕೋನಿಯಂ ಮತ್ತು ಕ್ಸೈಲೆನಾಲ್ ಆರೆಂಜ್ ಮಿಶ್ರಣದ ಗುಲಾಬಿ ಬಣ್ಣವನ್ನು ಫ್ಲೋರೈಡ್ ಹಳದಿಯತ್ತ ತಿರುಗಿಸುತ್ತದೆ. ಗ್ರಾಮೀಣ ಭಾಗಗಳಲ್ಲಿ ಬಳಸುವ ಫ್ಲೋರೈಡ್ ಕಿಟ್‌ಗಳಲ್ಲಿ ಇದೇ ತತ್ವವಿದೆ. ಬಣ್ಣವನ್ನು ಕಣ್ಣಂದಾಜಿನಲ್ಲಿ ಹೋಲಿಸುವ ಬದಲು ಸಂವೇದಕ ಅಳೆಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಕೇಂದ್ರ ಈ ದಿಸೆಯಲ್ಲಿ ಮುಂಚೂಣಿಯಲ್ಲಿದೆ. ಅಲ್ಲಿನ ಸಂಶೋಧಕರು ನೈಟ್ರೇಟ್ ಮತ್ತು ನೈಟ್ರೈಟ್ ಅಳೆಯುವ ಚಿಪ್ ಉಪಕರಣದ ವಿವರಗಳನ್ನು 2012ರಲ್ಲಿ ಪ್ರಕಟಿಸಿದರು. ಮುಂದೆ ಫಾಸ್ಫೇಟ್, ಆಮ್ಲೀಯತೆ ಮುಂತಾದವನ್ನು ಅಳೆಯುವ ಉಪಕರಣಗಳೂ ಬಂದವು. ಇವನ್ನು ತೇಲುಬೊಂಬೆಗಳಿಗೆ, ಚಾಲಕರಿಲ್ಲದ ಜಲಾಂತರ ನೌಕೆಗಳಿಗೆ ಜೋಡಿಸಲಾಗಿದೆ. ಉತ್ತರ ಸಮುದ್ರದಲ್ಲಿ 2019ರಲ್ಲಿ ಕಡಲತಳದ ಕೆಳಗೆ ಬೇಕೆಂದೇ ಇಂಗಾಲದ ಡೈಆಕ್ಸೈಡ್ ಬಿಟ್ಟು ಸೋರಿಕೆಯನ್ನು ಪತ್ತೆಹಚ್ಚುವ ಪ್ರಯೋಗ ನಡೆದಾಗಲೂ ಇಂಥ ಚಿಪ್‌ಗಳು ಬಳಕೆಯಾದವು.

ಚಿಕ್ಕಬಳ್ಳಾಪುರದ ಮಟ್ಟಿಗೆ ಹೆಚ್ಚು ಮುಖ್ಯವಾದ ಸಂಗತಿ ಬೇರೊಂದಿದೆ. ಸಮುದ್ರಕ್ಕೆಂದು ತಯಾರಾದ ಈ ನೈಟ್ರೇಟ್ ಚಿಪ್ ಅನ್ನು ಗ್ರೀನ್‌ಲ್ಯಾಂಡ್‌ನ ಹಿಮ ಕರಗಿ ಹರಿಯುವ ಹೊಳೆಯಲ್ಲೂ ಬಳಸಲಾಗಿದ್ದು, ಆ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಸಿಹಿನೀರಿನಲ್ಲಿ, ಮಣ್ಣು ತುಂಬಿದ ಪ್ರವಾಹದಲ್ಲಿ, ಜನವಸತಿಯಿಲ್ಲದ ಜಾಗದಲ್ಲಿ ಅದು ಕೆಲಸ ಮಾಡಿತು. ಕಡಲಿನ ಉಪಕರಣ ಕೆರೆಗೆ ಒಗ್ಗುವುದೇ ಎಂಬ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರವಿದೆ.

ಚಿಪ್‌ಗೂ ಮಿತಿಯುಂಟು

ಉಳಿದರ್ಧ ಉತ್ತರ ಅಷ್ಟು ಸುಲಭವಲ್ಲ. ಕೂದಲೆಳೆಯಷ್ಟು ಕಾಲುವೆ ಕಟ್ಟಿಕೊಳ್ಳುವುದೂ ಅಷ್ಟೇ ಬೇಗ. ಒಂದು ಗಾಳಿಗುಳ್ಳೆ ಒಳಸೇರಿದರೆ ಬೆಳಕಿನ ಲೆಕ್ಕ ತಪ್ಪುತ್ತದೆ. ಸಮುದ್ರದಲ್ಲಾಗಲಿ ಕೆರೆಯಲ್ಲಾಗಲಿ, ನೀರಿನಲ್ಲಿ ಮುಳುಗಿಸಿಟ್ಟ ಯಾವುದೇ ವಸ್ತುವಿನ ಮೇಲೆ ಕೆಲವೇ ದಿನಗಳಲ್ಲಿ ಲೋಳೆ ಮತ್ತು ಪಾಚಿ ಕಟ್ಟುತ್ತವೆ. ಪೋಷಕಾಂಶ ಹೆಚ್ಚಿರುವ, ವರ್ಷದ ಹೆಚ್ಚು ಕಾಲ ಬೆಚ್ಚಗಿರುವ ನಮ್ಮ ಕೆರೆಗಳಲ್ಲಿ ಈ ಕಾಟ ತಂಪು ಕಡಲಿಗಿಂತ ಹೆಚ್ಚು. ಬಿಸಿಲಿನ ತಾಪಕ್ಕೆ ಕೆಲವು ಕಾರಕಗಳು ಬೇಗ ಕೆಡುತ್ತವೆ. ಶೋಧಕ ಬದಲಿಸಲು, ಕಾರಕ ತುಂಬಲು, ಕ್ಯಾಡ್ಮಿಯಂ ಇರುವ ತ್ಯಾಜ್ಯವನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಲು ತರಬೇತಾದ ಕೈಗಳು ಬೇಕೇ ಬೇಕು. ಉಪಕರಣ ಖರೀದಿಗೆ ಹಣ ಕೊಟ್ಟು ನಿರ್ವಹಣೆಗೆ ಕೊಡದಿದ್ದರೆ ಅದು ಕೆರೆಯಂಗಳದ ಮತ್ತೊಂದು ಕಸವಾಗುತ್ತದೆ.

ಎಲ್ಲವನ್ನೂ ಚಿಪ್ ಅಳೆಯಲಾರದು ಎಂಬುದನ್ನೂ ಮರೆಯುವಂತಿಲ್ಲ. ನೈಟ್ರೇಟ್, ಫಾಸ್ಫೇಟ್, ಅಮೋನಿಯಾಗಳಿಗೆ ದಾರಿ ಸ್ಪಷ್ಟವಾಗಿದೆ. ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳನ್ನು ವಿದ್ಯುದ್ರಾಸಾಯನಿಕ ವಿಧಾನದಿಂದ ಪತ್ತೆಹಚ್ಚುವ ಚಿಪ್‌ಗಳು ಸಂಶೋಧನಾಲಯಗಳಲ್ಲಿವೆ. ಆದರೆ ಕೊಳಚೆಯ ಇತರ ಅಂಶಗಳು ಅವುಗಳ ಓದನ್ನು ಕೆಡಿಸಬಲ್ಲವು. ಯುರೇನಿಯಂ ಅಳತೆಗೆ ಇಂದಿಗೂ ಪ್ರಯೋಗಾಲಯದ ಫ್ಲೋರಿಮೀಟರ್‌ನಂತಹ ಉಪಕರಣಗಳೇ ಆಧಾರ. ಔಷಧಗಳ ಉಳಿಕೆ, ಕೀಟನಾಶಕ, ಮೈಕ್ರೋಪ್ಲಾಸ್ಟಿಕ್, ರೋಗಾಣುಗಳನ್ನು ನೀರಿನಲ್ಲೇ ತಾನಾಗಿ ಎಣಿಸುವ ಕೆಲಸ ಬಹುಪಾಲು ಸಂಶೋಧನೆಯ ಹಂತದಲ್ಲೇ ಇದೆ. ಆದ್ದರಿಂದ ಚಿಪ್ ಬಂದರೆ ಪ್ರಯೋಗಾಲಯ ಬೇಡವೆನ್ನುವುದು ತಪ್ಪು. ಚಿಪ್ ಕಾವಲುಗಾರ, ಪ್ರಯೋಗಾಲಯ ತನಿಖಾಧಿಕಾರಿ. ಕಾವಲುಗಾರ ಕೂಗಿದಾಗ ತನಿಖಾಧಿಕಾರಿ ಬರಬೇಕು.

ಕಾವಲು ಎಲ್ಲಿ ಬೇಕು?

ನಿರಂತರ ಅಳತೆ ಭಾರತಕ್ಕೆ ಅಪರಿಚಿತವಲ್ಲ. ಅತಿ ಹೆಚ್ಚು ಮಾಲಿನ್ಯಕಾರಕವೆಂದು ಗುರುತಿಸಲಾದ 17 ವರ್ಗಗಳ ಕೈಗಾರಿಕೆಗಳು ತಮ್ಮ ತ್ಯಾಜ್ಯವನ್ನು ಸದಾ ಅಳೆಯುವ ಯಂತ್ರಗಳನ್ನು ಅಳವಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಸೂಚಿಸಿತು. ಸಮುದ್ರದಲ್ಲಿಯೂ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ ಕೊಚ್ಚಿ ಮತ್ತು ವಿಶಾಖಪಟ್ಟಣದ ಕರಾವಳಿಗಳಲ್ಲಿ ನೀರಿನ ಗುಣಮಟ್ಟ ಅಳೆಯುವ ತೇಲುಬೊಂಬೆಗಳನ್ನು ಇರಿಸಿದೆ. ಚಿಪ್ ತಯಾರಿಕೆಗೆ ಬೇಕಾದ ವಿದ್ಯೆಯೂ ದೂರದಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಇಂಥ ಸೂಕ್ಷ್ಮ ರಚನೆಗಳನ್ನು ರೂಪಿಸುವ ಸೌಲಭ್ಯವಿದೆ. ಸ್ಕಂದಗಿರಿಯಿಂದ ಅಲ್ಲಿಗೆ ಎರಡು ಗಂಟೆಯ ದಾರಿ.

65 ಕೆರೆಗಳಿಗೂ ಒಮ್ಮೆಲೇ ಉಪಕರಣ ಬೇಕೆಂದೇನೂ ಇಲ್ಲ. ಸಂಸ್ಕರಣಾ ಘಟಕದಿಂದ ನೀರು ಕೊಳವೆಗೆ ಹೊಕ್ಕುವ ಜಾಗ, ಅದು ಮೊದಲ ಕೆರೆಗೆ ಬೀಳುವ ಜಾಗ, ಸರಪಳಿಯ ಕೊನೆಯ ಕೆರೆಯ ಕೋಡಿ ಮತ್ತು ಕೆರೆಯ ಕೆಳಗಿನ ಒಂದೆರಡು ಕೊಳವೆಬಾವಿ, ಇಷ್ಟು ಕಡೆ ಗಂಟೆಗೊಮ್ಮೆ ನೈಟ್ರೇಟ್, ಅಮೋನಿಯಾ, ಫಾಸ್ಫೇಟ್ ಅಳೆದರೂ ಬಹಳಷ್ಟು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಘಟಕ ಯಾವ ರಾತ್ರಿ ಕೆಟ್ಟಿತು? ಕೆರೆಯಿಂದ ಕೆರೆಗೆ ಸಾಗುವಾಗ ನೀರು ಎಷ್ಟು ತಿಳಿಯಾಯಿತು? ಮಣ್ಣು ಎಷ್ಟನ್ನು ಸೋಸಿತು, ಎಷ್ಟನ್ನು ಬಾವಿಗೆ ಬಿಟ್ಟಿತು? ಯೋಜನೆಯನ್ನು ಸಮರ್ಥಿಸುವವರಿಗೂ ವಿರೋಧಿಸುವವರಿಗೂ ಈ ಉತ್ತರಗಳು ಸಮಾನವಾಗಿ ಬೇಕು.

ಅಳತೆಗಿಂತ ಮುಖ್ಯವಾದುದು ಅದರ ಪ್ರಕಟಣೆ. ಅಂಕಿ ಇಲಾಖೆಯ ಕಂಪ್ಯೂಟರಿನಲ್ಲೇ ಉಳಿದರೆ ಗಂಟೆಗೊಮ್ಮೆ ಅಳೆದರೂ ತಿಂಗಳಿಗೊಮ್ಮೆ ಅಳೆದರೂ ಒಂದೇ. ಅದು ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ರೈತನ ಮೊಬೈಲಿನಲ್ಲಿ ಕಾಣಬೇಕು. ಮಿತಿ ಮೀರಿದಾಗ ಪಂಪು ನಿಲ್ಲಿಸುವ ಅಧಿಕಾರ ಯಾರಿಗಿದೆ, ಎಷ್ಟು ಹೊತ್ತಿನಲ್ಲಿ ನಿಲ್ಲಿಸಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇದು ಯಾವ ಚಿಪ್ ಕೂಡ ಮಾಡಿಕೊಡದ ಕೆಲಸ.

ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಗೆ ಹರಿದು, ಗಡಿಯಾಚೆಗೆ ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ಬಿಳಿ ನೊರೆಯಾಗಿ ಉಕ್ಕಿದ್ದನ್ನು ರಾಜ್ಯದ ಜನ ಕಂಡಿದ್ದಾರೆ. ನೊರೆ ಕಣ್ಣಿಗೆ ಕಾಣುತ್ತದೆ, ಅದಕ್ಕಾಗಿ ಸುದ್ದಿಯಾಗುತ್ತದೆ. ನೈಟ್ರೇಟ್‌ಗೆ ಬಣ್ಣವಿಲ್ಲ, ಫ್ಲೋರೈಡ್‌ಗೆ ವಾಸನೆಯಿಲ್ಲ. ಬೆಟ್ಟದ ಬುಡದ ಕೊಳವೆಬಾವಿಯಲ್ಲಾಗಲಿ, ನದಿ ಸೇರುವ ಸಮುದ್ರದಲ್ಲಾಗಲಿ ಅವು ಸದ್ದಿಲ್ಲದೆ ಶೇಖರವಾಗುತ್ತವೆ. ಕಾಣದ್ದಕ್ಕೆ ಬಣ್ಣ ಕೊಟ್ಟು ತೋರಿಸುವ ಉಪಕರಣ ಈಗ ಇದೆ. ಅದನ್ನು ಕಡಲಿನಲ್ಲಿ ಮಾತ್ರ ಇಳಿಸಿದರೆ ತಿಳಿಯುವುದು ಕೊಳೆ ಬಂದು ಸೇರಿದ ಸುದ್ದಿ. ಸ್ಕಂದಗಿರಿಯ ತಪ್ಪಲಿನ ಕೆರೆಯಲ್ಲಿ ಇಳಿಸಿದರೆ, ಕೊಳೆ ಇನ್ನೂ ತಡೆಯಬಹುದಾದ ಜಾಗದಲ್ಲಿರುವಾಗಲೇ ಅದು ತಿಳಿಯುತ್ತದೆ.